ದುಡಿಯುವವರ ಚೇತರಿಕೆಯ ಬಲ



ಇನ್ನು ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಬಹುಪಾಲು ಮಂದಿ ಒಂದಲ್ಲ ಒಂದು ಉದ್ಯೋಗದ ಸಂದರ್ಶನಕ್ಕೆ ಹೋಗಿ ಕುಳಿತಿರುತ್ತೀರಿ. ಅಂಕಪಟ್ಟಿ ನೋಡಿ ಆದ ಮೇಲೆ ಎದುರಿಗೆ ಕುಳಿತವರು ಒಂದು ಪ್ರಶ್ನೆ ಕೇಳುತ್ತಾರೆ: "ಕೆಲಸದ ಒತ್ತಡವನ್ನು ತಡೆದುಕೊಳ್ಳಬಲ್ಲಿರಾ?" "ತಡೆದುಕೊಳ್ಳುತ್ತೇನೆ ಸರ್" ಎಂದೇ ಎಲ್ಲರೂ ಉತ್ತರಿಸುತ್ತಾರೆ. ಬೇರೆ ಉತ್ತರ ಕೊಟ್ಟು ಕೆಲಸ ಪಡೆದವರನ್ನು ನಾನಂತೂ ಕಂಡಿಲ್ಲ. ಆದರೆ ಅದು ಅರ್ಧ ಪ್ರಶ್ನೆ. ಒತ್ತಡವನ್ನು ತಡೆದುಕೊಳ್ಳಲು ಬೇಕಾದದ್ದು ಆ ಕೆಲಸದ ಜಾಗದಲ್ಲಿ ಏನೇನಿದೆ ಎಂಬುದು ಅದರ ಉಳಿದರ್ಧ. ಈ ಉಳಿದರ್ಧವನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಇಂದಿನ ನಮ್ಮ ಮಾತು ಅದರ ಕುರಿತು.

ಮೊದಲು ಎರಡು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳೋಣ. ತಾಳ್ಮೆ ಎಂಬುದು ಒಂದು. ಚೇತರಿಕೆ ಎಂಬುದು ಇನ್ನೊಂದು. ಪೆಟ್ಟು ಬೀಳುವಾಗ ಸುಮ್ಮನೆ ನಿಲ್ಲುವುದು ತಾಳ್ಮೆ. ಪೆಟ್ಟು ಬಿದ್ದ ಮೇಲೆ ಮತ್ತೆ ಎದ್ದು ಕೆಲಸಕ್ಕೆ ಕೈ ಹಚ್ಚುವುದು ಚೇತರಿಕೆ. ತಾಳ್ಮೆ ಇದ್ದವರಿಗೆಲ್ಲ ಚೇತರಿಕೆ ಇರುತ್ತದೆ ಎಂದು ಹೇಳುವಂತಿಲ್ಲ. ಬಹಳ ತಾಳಿದವರೇ ಒಂದು ದಿನ ದಿಢೀರನೆ ಕುಸಿಯುವುದುಂಟು.

ಅಡಿಕೆ ಕೊಯ್ಯುವವರನ್ನು ನಮ್ಮ ಕಡೆಯ ತೋಟಗಳಲ್ಲಿ ನೀವು ನೋಡಿರುತ್ತೀರಿ. ಕಾಲಿಗೆ ತಳೆ ಹಾಕಿಕೊಂಡು ಒಂದು ಮರ ಏರಿದವರು ಅದರ ಗೊನೆ ಇಳಿಸಿದ ಮೇಲೆ ಕೆಳಗೆ ಇಳಿಯುವುದಿಲ್ಲ. ಮರವನ್ನು ತೂಗಿ, ಬಾಗಿಸಿ, ಪಕ್ಕದ ಮರವನ್ನು ಕೈಚಾಚಿ ಹಿಡಿದು ಅದಕ್ಕೆ ದಾಟುತ್ತಾರೆ. ಬಿಟ್ಟ ಮರ ನಾಲ್ಕು ಸಲ ಅತ್ತಿತ್ತ ತೂಗಿ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಬಾಗಿ ನೆಟ್ಟಗಾಗುವ ಈ ಗುಣವೇ ನಾವು ಮಾತಾಡುತ್ತಿರುವ ಗುಣ. ಆದರೆ ಅನುಭವಿಗಳು ಯಾವ ಮರವಾದರೂ ಬಾಗೀತು ಎಂದು ನಂಬಿ ಹತ್ತುವುದಿಲ್ಲ. ಮೊದಲು ಬುಡ ನೋಡುತ್ತಾರೆ. ಬೇರು ಹಿಡಿತ ಕಳೆದುಕೊಂಡ ಮರ, ಒಳಗೆ ಟೊಳ್ಳಾದ ಮರ ಬಾಗುವುದಿಲ್ಲ, ಮುರಿಯುತ್ತದೆ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಬುಡ ನೋಡುವ ಗೋಜಿಗೆ ಹೋಗುವುದಿಲ್ಲ. "ಅವಳು ಗಟ್ಟಿಗಿತ್ತಿ, ಇವನು ದುರ್ಬಲ" ಎಂದು ಹೇಳಿ ಮುಗಿಸುತ್ತೇವೆ.

ಬುಡ ನೋಡುವುದೆಂದರೆ ಏನು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರು ಇಲ್ಲದ ಊರು ವಿರಳ. ನಿಮ್ಮಲ್ಲಿ ಕೆಲವರ ಶಾಲೆಯ ಫೀಸು, ಬಸ್ಸಿನ ಪಾಸು ಬೀಡಿಯ ದುಡ್ಡಿನಿಂದಲೇ ಬಂದಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದರೂ 'ನೌಕರರು' ಎಂಬ ಪದ ಕೇಳಿದಾಗ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಮಡಿಲ ಮೇಲೆ ಗೆರಸೆ ಇಟ್ಟುಕೊಂಡ ಈ ಹೆಂಗಸರು ನಮ್ಮ ಕಣ್ಣ ಮುಂದೆ ಬರುವುದಿಲ್ಲ. ಕುರ್ಚಿ, ಮೇಜು, ಗಡಿಯಾರ ಇರುವವರೇ ಕಣ್ಣ ಮುಂದೆ ಬರುತ್ತಾರೆ.

ಕೆಲಸದ ಕ್ರಮ ನಿಮಗೆ ಗೊತ್ತಿರಬಹುದು. ಬೀಡಿ ಬ್ರಾಂಚಿನಲ್ಲಿ ಎಲೆಯನ್ನೂ ಹೊಗೆಸೊಪ್ಪನ್ನೂ ತೂಗಿ ಕೊಡುತ್ತಾರೆ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಮೊದಲಾದ ಕಡೆಯ ಕಾಡುಗಳಿಂದ. ಹೊಗೆಸೊಪ್ಪು ನಿಪ್ಪಾಣಿ ಮತ್ತು ಗುಜರಾತಿನ ಕಡೆಯಿಂದ. ಎಲೆಯನ್ನು ಒದ್ದೆ ಮಾಡಿ ಮೆತ್ತಗಾಗಿಸಿ, ಅಳತೆಯ ತಗಡು ಇಟ್ಟು ಕತ್ತರಿಯಿಂದ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಸುತ್ತಿ, ತುದಿ ಮಡಚಬೇಕು. ಮಜೂರಿಯ ಲೆಕ್ಕ ಸಾವಿರಕ್ಕೆ ಇಷ್ಟು ಎಂದು. ಕೊಟ್ಟ ಎಲೆ ಸಾಲದೆ ಹೋದರೆ ಕೊರತೆ ಬೀಳುವುದು ಕಟ್ಟುವವರ ತಲೆಯ ಮೇಲೆ. ಬ್ರಾಂಚಿನಲ್ಲಿ ಕೈಯಾಡಿಸಿ ನೋಡಿ "ಇದು ಸರಿಯಿಲ್ಲ" ಎಂದು ತೆಗೆದು ಹಾಕಿದ ಬೀಡಿಗೂ ಶ್ರಮ ಅಷ್ಟೇ ಬಿದ್ದಿರುತ್ತದೆ. ಇದರ ಜೊತೆಗೆ ಬೆನ್ನುನೋವು, ಕುತ್ತಿಗೆನೋವು, ದಿನವಿಡೀ ಮೂಗಿಗೆ ಹೊಗೆಸೊಪ್ಪಿನ ಧೂಳು. ಇವೆಲ್ಲವೂ ಅಡುಗೆ, ಹಟ್ಟಿಯ ಕೆಲಸ, ಮಕ್ಕಳ ಪಾಲನೆಯ ಮಧ್ಯೆ.

ಇಂಥವರನ್ನು ನೋಡಿ "ನಮ್ಮ ಹೆಂಗಸರ ಸಹನೆ ದೊಡ್ಡದು" ಎಂದು ಹೊಗಳುವವರಿದ್ದಾರೆ. ಹೊಗಳಿಕೆಗೆ ಖರ್ಚಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಕಳೆದ ಅರವತ್ತು ವರ್ಷಗಳಲ್ಲಿ ಈ ಕಸುಬಿಗೆ ಬಿದ್ದ ಪೆಟ್ಟುಗಳು ಒಂದೆರಡಲ್ಲ. ಪ್ರತಿ ಪೆಟ್ಟಿನ ನಂತರವೂ ಈ ಮನೆಗಳು ಹೇಗೋ ಎದ್ದು ನಿಂತವು. ಆ 'ಹೇಗೋ' ಎಂಬುದರ ಒಳಗೆ ಏನಿತ್ತು ಎಂದು ನೋಡಿದರೆ ಮೊದಲು ಸಿಗುವುದು ಒಂದು ಸಣ್ಣ ಪುಸ್ತಕ.

ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು ಕಂಪನಿಯ ಕಾರ್ಮಿಕರೇ ಅಲ್ಲವೇ ಎಂಬುದು ಬಹಳ ಕಾಲದ ತಗಾದೆ. "ಗುತ್ತಿಗೆದಾರನಿಗೆ ಎಲೆ ಕೊಟ್ಟಿದ್ದೇವೆ, ಅವನು ಯಾರಿಂದ ಕಟ್ಟಿಸಿದನೋ ನಮಗೆ ಗೊತ್ತಿಲ್ಲ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಮನೆಯಲ್ಲಿ ಕೆಲಸ ಮಾಡುವವರನ್ನೂ ಅದು ಕಾರ್ಮಿಕರೆಂದು ಕರೆಯಿತು. ಉದ್ಯಮಿಗಳು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವ ಆ ತೀರ್ಪು ಮಂಗಳೂರಿನ ಒಂದು ಬೀಡಿ ಸಂಸ್ಥೆಯ ಹೆಸರಿನಲ್ಲೇ ದಾಖಲಾಗಿದೆ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನು ಬಂತು. ಮಕ್ಕಳಿಗೆ ವಿದ್ಯಾರ್ಥಿವೇತನ, ಔಷಧಾಲಯ, ಮನೆ ಕಟ್ಟಲು ನೆರವು ಅದರಿಂದ ದೊರೆತವು. 1977ರಲ್ಲಿ ಭವಿಷ್ಯ ನಿಧಿಯನ್ನು, ಅಂದರೆ ಪಿ.ಎಫ್. ಅನ್ನು, ಈ ಉದ್ಯಮಕ್ಕೂ ವಿಸ್ತರಿಸಲಾಯಿತು. ಅಲ್ಲಿಯೂ ಮನೆಯಲ್ಲಿ ಕಟ್ಟುವವರ ಪ್ರಶ್ನೆ ಎದ್ದಿತು. ಅವರೂ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಷ್ಟೆಲ್ಲ ಕಾನೂನಿನ ಮಾತು ಏಕೆ ಎಂದು ನೀವು ಕೇಳಬಹುದು. ಜಗಲಿಯಲ್ಲಿ ಕುಳಿತವಳ ಹೆಸರು ಒಂದು ಪುಸ್ತಕದಲ್ಲಿ ಬರೆಯಲ್ಪಟ್ಟದ್ದು ಈ ಹಾದಿಯಿಂದ. ಎಷ್ಟು ಎಲೆ, ಎಷ್ಟು ಸೊಪ್ಪು, ಎಷ್ಟು ಸಾವಿರ ಬೀಡಿ, ಎಷ್ಟು ಮಜೂರಿ ಎಂದು ಅದರಲ್ಲಿ ಬರೆಯುತ್ತಾರೆ. ಪ್ರತಿ ವರ್ಷ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರಿಸಬೇಕೆಂಬ ಒತ್ತಾಯಕ್ಕೆ ಆಧಾರ ಆ ಪುಸ್ತಕ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಆಧಾರ ಅದೇ. ಪುಸ್ತಕ ಇದ್ದ ಮನೆ ಮತ್ತು ಪುಸ್ತಕ ಇಲ್ಲದೆ ಮತ್ತೊಬ್ಬರ ಹೆಸರಿನಲ್ಲಿ ಕಟ್ಟಿಕೊಟ್ಟ ಮನೆ, ಎರಡಕ್ಕೂ ಒಂದೇ ಪೆಟ್ಟು ಬಿದ್ದರೂ ಏಳುವ ಬಗೆ ಒಂದೇ ಆಗಿರುವುದಿಲ್ಲ. ಸಹನೆ ಎರಡು ಮನೆಗಳಲ್ಲೂ ಸಮಾನವಾಗಿಯೇ ಇದ್ದೀತು.

ಇದೇ 1966ರ ಕಾನೂನಿನ ಸುತ್ತ ಗಡಿಯಾಚೆಯ ಕಣ್ಣೂರಿನಲ್ಲಿ ನಡೆದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಕೇರಳ ಸರಕಾರ ಅದನ್ನು ಜಾರಿಗೊಳಿಸಲು ಹೊರಟಾಗ, ಅಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಕಂಪನಿಗಳು 1968ರಲ್ಲಿ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಮರುವರ್ಷ, 1969ರಲ್ಲಿ, ಸರಕಾರದ ನೆರವಿನಿಂದ ಆ ಕಾರ್ಮಿಕರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಒಂದು ಹಂತದಲ್ಲಿ ಅದರಲ್ಲಿ 40,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಂದು ಪದ್ಧತಿ ಇತ್ತು. ಎಲ್ಲರೂ ಕೈಯಿಂದ ಬೀಡಿ ಸುರುಟುತ್ತಿರುವಾಗ ಒಬ್ಬರು ಗಟ್ಟಿಯಾಗಿ ವೃತ್ತಪತ್ರಿಕೆ ಓದುವುದು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ಕ್ಯೂಬಾ ದೇಶದ ಸಿಗಾರ್ ಕಾರ್ಖಾನೆಗಳಲ್ಲಿಯೂ ಇಂಥದೇ ಓದುಗರು ಇದ್ದರು ಎಂಬುದು ಗಮನಿಸತಕ್ಕದ್ದು. ಬೀಡಿಗೆ ಇಳಿಗಾಲ ಬರುತ್ತಿದೆ ಎಂದು ಗೊತ್ತಾದಾಗ, 1990ರ ದಶಕದ ಕೊನೆಗೆ, ಆ ಸಂಘ ತೆಂಗಿನ ಹಾಲು, ಉಪ್ಪಿನಕಾಯಿ, ಕೊಡೆ ಮುಂತಾದವುಗಳ ತಯಾರಿಕೆಗೆ ಕೈ ಹಾಕಿತು. ಎಲ್ಲರಿಗೂ ಹೊಸ ಕೆಲಸ ಸಿಗಲಿಲ್ಲ. ಆದರೆ ಮುಳುಗುವ ತನಕ ಕಾಯದೆ, ನೀರು ಏರುತ್ತಿರುವಾಗಲೇ ದೋಣಿ ಹುಡುಕಿದರು. ದಿನವೂ ಪತ್ರಿಕೆ ಕೇಳುತ್ತ ಕುಳಿತವರಿಗೆ ಲೋಕದಲ್ಲಿ ಏನಾಗುತ್ತಿದೆ ಎಂದು ಗೊತ್ತಿರುತ್ತದಷ್ಟೆ.

ನಮ್ಮ ಕಡೆ ಶೆಡ್ಡು ಇರಲಿಲ್ಲ. ಒಬ್ಬೊಬ್ಬರ ಜಗಲಿಯೂ ಒಂದೊಂದು ಕಾರ್ಖಾನೆ. ಆದರೂ ಮಧ್ಯಾಹ್ನದ ಊಟವಾದ ಮೇಲೆ ನಾಲ್ಕು ಮನೆಯವರು ಗೆರಸೆ ಎತ್ತಿಕೊಂಡು ಒಂದೇ ಜಗಲಿಗೆ ಬಂದು ಸೇರುವ ರೂಢಿ ಬೆಳೆಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಡುವೆ ಒಂದು ರೇಡಿಯೋ ಇಟ್ಟುಕೊಳ್ಳುವ ರೂಢಿಯೂ ಬಂತು. ಈ ಜಗಲಿ ಹರಟೆಯನ್ನು ಹಗುರವಾಗಿ ಕಾಣಬೇಡಿ. ಯಾವ ಬ್ರಾಂಚಿನಲ್ಲಿ ಎಲೆ ಚೆನ್ನಾಗಿದೆ, ಯಾರಿಗೆ ಬೀಡಿ ಹೆಚ್ಚು ತಿರಸ್ಕಾರವಾಯಿತು, ಸಂಘದವರು ಯಾವಾಗ ಬರುತ್ತಾರೆ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಇವೆಲ್ಲ ತಿಳಿಯುತ್ತಿದ್ದದ್ದು ಅಲ್ಲಿಯೇ. "ನನಗೆ ಮಾತ್ರ ಹೀಗಾಯಿತು" ಎಂಬ ಭಾವನೆ ಮನುಷ್ಯರನ್ನು ಕುಗ್ಗಿಸುವಷ್ಟು ಬೇರೇನೂ ಕುಗ್ಗಿಸುವುದಿಲ್ಲ. ಅದು ತನಗೆ ಮಾತ್ರ ಆದದ್ದಲ್ಲ ಎಂದು ಜಗಲಿಯಲ್ಲಿ ಗೊತ್ತಾಗುತ್ತಿತ್ತು.

ಈ ಶತಮಾನದಲ್ಲಿ ಪೆಟ್ಟುಗಳು ಬೇಗ ಬೇಗ ಬಿದ್ದವು. 2003ರಲ್ಲಿ ತಂಬಾಕು ನಿಯಂತ್ರಣ ಕಾನೂನು ಬಂತು. ಅದು ಬರಬೇಕಾದ ಕಾನೂನೇ. ಬೀಡಿ ಸೇದುವವರ ಶ್ವಾಸಕೋಶಕ್ಕೆ ಆಗುವ ಹಾನಿಯನ್ನು ಮುಚ್ಚಿಟ್ಟು ಕಟ್ಟುವವರ ಹೊಟ್ಟೆಪಾಡಿನ ಮಾತಾಡುವುದು ಸರಿಯಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ನಗದು ಮಜೂರಿಯನ್ನೇ ನಂಬಿದ್ದ ಮನೆಗಳಿಗೆ ತೊಂದರೆಯಾಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಬೀಡಿಯ ಮೇಲೆ ಶೇಕಡಾ 28 ತೆರಿಗೆ ಬಿತ್ತು. ಕಲ್ಯಾಣ ನಿಧಿಗೆಂದು ವಸೂಲಾಗುತ್ತಿದ್ದ ಸೆಸ್ಸು ಅದೇ ವರ್ಷ ರದ್ದಾಯಿತು. 2020ರ ಮಾರ್ಚ್ ಕೊನೆಗೆ ಕೊರೋನಾ ಲಾಕ್‌ಡೌನ್ ಬಂದಾಗ ಬ್ರಾಂಚುಗಳೇ ಮುಚ್ಚಿದವು. ಎಲೆಯೂ ಇಲ್ಲ, ಸೊಪ್ಪೂ ಇಲ್ಲ, ಕೈ ಖಾಲಿ.

ಆಗ ತಡೆದುಕೊಂಡವರು ಯಾರು? ಹಟ್ಟಿಯಲ್ಲಿ ಒಂದು ದನ ಇದ್ದು ಡೈರಿಗೆ ಹಾಲು ಹಾಕುತ್ತಿದ್ದವರು, ಅಂಗಳದಲ್ಲಿ ಹತ್ತು ಮಲ್ಲಿಗೆ ಗಿಡ ಇದ್ದವರು, ಸ್ವಸಹಾಯ ಸಂಘದಲ್ಲಿ ವಾರ ವಾರ ಇಷ್ಟಿಷ್ಟು ಉಳಿಸಿದ್ದವರು, ಹೊಲಿಗೆ ಕಲಿತಿದ್ದವರು. ಒಂದೇ ಕಾಲಿನ ಮೇಲೆ ನಿಂತವರಿಗೆ ಕಷ್ಟವಾಯಿತು. ಇದು ಯಾವ ಪುಸ್ತಕದ ಸಿದ್ಧಾಂತವೂ ಅಲ್ಲ. ನಮ್ಮ ಯಕ್ಷಗಾನ ಕಲಾವಿದರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮುಂದಿನ ನವೆಂಬರ್ ತನಕ ತಿರುಗಾಟವಿಲ್ಲ. ಆ ಮಳೆಗಾಲಕ್ಕೆಂದೇ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆ ಮನೆಗೆ ಹೋಗುತ್ತಾರೆ, ಕೆಲವರು ನಾಟ್ಯ ಕಲಿಸುತ್ತಾರೆ, ಕೆಲವರು ಬೇಸಾಯಕ್ಕೆ ಇಳಿಯುತ್ತಾರೆ. ವರ್ಷವೂ ಬರುವ ಕಷ್ಟವಾದ್ದರಿಂದ ಅದಕ್ಕೆ ಮೊದಲೇ ದಾರಿ ಮಾಡಿಟ್ಟಿರುತ್ತಾರೆ. 2020ರಲ್ಲಿ ಪತ್ತನಾಜೆಗೆ ಎರಡು ತಿಂಗಳು ಇರುವಾಗಲೇ ಗೆಜ್ಜೆ ಬಿಚ್ಚಬೇಕಾಯಿತು. ಚಿಕ್ಕಮೇಳಕ್ಕೂ ಅವಕಾಶವಿಲ್ಲದ ಮಳೆಗಾಲ ಅದು. ಅಂಥ ಕಾಲಕ್ಕೆ ಒಬ್ಬೊಬ್ಬರ ಜಾಣ್ಮೆ ಸಾಲದು. ಹೊರಗಿನ ಕೈ ಬೇಕಾಗುತ್ತದೆ.

ಒತ್ತಡವನ್ನು ಕುರಿತು ವಿಜ್ಞಾನಿಗಳು ಏನು ಹೇಳುತ್ತಾರೆ ಎಂಬುದನ್ನು ಸ್ವಲ್ಪ ನೋಡೋಣ. ಬ್ರಿಟನ್ನಿನ ಸರಕಾರಿ ನೌಕರರ ಆರೋಗ್ಯವನ್ನು ಕುರಿತು 1967ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ವೈಟ್‌ಹಾಲ್ ಅಧ್ಯಯನ ಎಂದು ಅದಕ್ಕೆ ಹೆಸರು. ಮೇಲಿನ ಹುದ್ದೆಯವರಿಗೆ ಜವಾಬ್ದಾರಿ ಹೆಚ್ಚು, ಆದ್ದರಿಂದ ಹೃದಯಾಘಾತವೂ ಅವರಿಗೇ ಹೆಚ್ಚು ಎಂದು ಜನ ತಿಳಿದಿದ್ದರು. ಫಲಿತಾಂಶ ತದ್ವಿರುದ್ಧವಾಗಿತ್ತು. ಹುದ್ದೆ ಕೆಳಗಿಳಿದಂತೆ ಹೃದ್ರೋಗದಿಂದ ಸಾಯುವವರ ಪ್ರಮಾಣ ಏರುತ್ತಿತ್ತು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ ಇದರ ಕಾರಣಗಳನ್ನು ಹುಡುಕಿದರು. ಕಂಡುಬಂದ ಕಾರಣಗಳಲ್ಲಿ ಮುಖ್ಯವಾದ ಒಂದು, ತನ್ನ ಕೆಲಸವನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು ಎಂಬುದರಲ್ಲಿ ನೌಕರನಿಗೆ ಯಾವ ಹಿಡಿತವೂ ಇಲ್ಲದಿರುವುದು. ಕೆಲಸ ಹೆಚ್ಚಿದ್ದರೂ ಹಿಡಿತ ಇದ್ದರೆ ದೇಹ ತಾಳುತ್ತದೆ. ಕೆಲಸವೂ ಹೆಚ್ಚು, ಹಿಡಿತವೂ ಇಲ್ಲ ಎಂದಾದರೆ ದೇಹ ಸೋಲುತ್ತದೆ.

ಈ ಮಾತಿಗೆ ಉದಾಹರಣೆ ಬೇಕಾದರೆ ಮೂಡುಬಿದಿರೆ, ಕಾರ್ಕಳ ಕಡೆಯ ಗೇರುಬೀಜದ ಕಾರ್ಖಾನೆಗಳ ಕೆಲಸವನ್ನು ನೋಡಿ. ಗೇರುಬೀಜದ ಸಿಪ್ಪೆಯೊಳಗೆ ಒಂದು ಬಗೆಯ ಎಣ್ಣೆ ಇದೆ. ಅದು ತಾಗಿದರೆ ಚರ್ಮ ಸುಡುತ್ತದೆ, ಕಪ್ಪಾಗುತ್ತದೆ. ಬೀಜ ಒಡೆಯುವ ಹೆಂಗಸರು ಕೈಗೆ ಹರಳೆಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕುಳಿತುಕೊಳ್ಳುತ್ತಿದ್ದರು. ಕೈಗವಸು ಹಾಕಿಕೊಳ್ಳಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಕೈಗವಸು ಹಾಕಿದರೆ ಕೆಲಸ ನಿಧಾನವಾಗುತ್ತದೆ. ಮಜೂರಿ ತೂಕದ ಲೆಕ್ಕದಲ್ಲಿರುವಾಗ ನಿಧಾನವಾದರೆ ದುಡ್ಡು ಕಡಿಮೆ. ಹಾಗಾಗಿ ಕೈಗವಸು ಕೊಟ್ಟರೂ ತೆಗೆದಿಡುತ್ತಾರೆ. ಇಲ್ಲಿ "ಕಾರ್ಮಿಕರಿಗೆ ತಿಳಿವಳಿಕೆ ಕಡಿಮೆ" ಎಂದು ಭಾಷಣ ಮಾಡಿ ಪ್ರಯೋಜನವಿಲ್ಲ. ಬೀಜವನ್ನು ಸುಡುವ ಬದಲು ಹಬೆಯಲ್ಲಿ ಬೇಯಿಸುವ ವಿಧಾನ, ಒಡೆಯುವ ಯಂತ್ರಗಳು, ಕೈಗವಸು ಹಾಕಿದರೂ ನಷ್ಟವಾಗದಂಥ ಮಜೂರಿ ಲೆಕ್ಕ, ಕೈ ತೊಳೆಯಲು ಬಿಡುವು ಮತ್ತು ಸಾಬೂನು, ಇವುಗಳಿಂದ ಮಾತ್ರ ಆ ಕೈಗಳು ಉಳಿಯುತ್ತವೆ. ಕೆಲಸಗಾರರು ಗಟ್ಟಿಯಾಗಬೇಕು ಎಂದು ಬಯಸುವ ಯಜಮಾನರು ಮೊದಲು ಕೆಲಸದ ಕ್ರಮವನ್ನು ತಿದ್ದಬೇಕು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈಚೆಗೆ ಕೆಲವು ಕಡೆ ಕೆಲಸದ ಹೊರೆ ಇಳಿಸದೆ, ರಜೆ ಕೊಡದೆ, ಒಂದು ದಿನದ 'ಮನೋಸ್ಥೈರ್ಯ ಶಿಬಿರ' ಮಾಡಿ ಕೈತೊಳೆದುಕೊಳ್ಳುವ ಪದ್ಧತಿ ಬಂದಿದೆ. ಉಸಿರಾಟದ ವ್ಯಾಯಾಮ ಒಳ್ಳೆಯದೇ. ಆದರೆ ಸುಡುವ ಎಣ್ಣೆಗೆ ಅದು ಮದ್ದಲ್ಲ.

ಹಾಗೆಂದು ತರಬೇತಿಯೇ ಬೇಡ ಎನ್ನಲಾಗದು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತವಾಗಿ ಊಟ ವಸತಿ ಸಹಿತ ಸ್ವಂತ ಉದ್ಯೋಗದ ತರಬೇತಿ ಕೊಡಲು ಕಟ್ಟಿದ ಸಂಸ್ಥೆ ಅದು. ಮುಂದೆ 2009ರ ಸುಮಾರಿಗೆ ಕೇಂದ್ರ ಸರಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ಯಲು ಹೊರಟಿತು. ಇಂಥ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ. ಅದಕ್ಕೆ ಬಳೆಯಂಥ ರಿಂಗುಗಳನ್ನು ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದು ಎಂಬುದು ಆಡುವವರ ಆಯ್ಕೆ. ಹತ್ತಿರದಿಂದ ಬಿದ್ದರೆ ಅಂಕ ಕಡಿಮೆ, ದೂರದಿಂದ ಬಿದ್ದರೆ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ. ಕೆಲವರು ಶೂರತ್ವ ತೋರಿಸಲು ಬಹುದೂರ ಹೋಗಿ ನಿಂತು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಕಲಿಯುವವರು ಮೊದಲ ಸುತ್ತಿನ ಫಲ ನೋಡಿ ಎರಡನೆಯ ಸುತ್ತಿಗೆ ಒಂದು ಹೆಜ್ಜೆ ಮುಂದೆಯೋ ಹಿಂದೆಯೋ ಸರಿಯುತ್ತಾರೆ. ಡೇವಿಡ್ ಮೆಕ್‌ಲೆಲಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬಳಸಿದ ಆಟ ಇದು. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೂ ಇಂಥ ತರಬೇತಿ ಕೊಟ್ಟು ನೋಡಿದ್ದರು. ಸೋಲನ್ನು ಅವಮಾನವೆಂದು ತಿಳಿಯದೆ ಮುಂದಿನ ಎಸೆತಕ್ಕೆ ಸಿಕ್ಕ ಮಾಹಿತಿ ಎಂದು ತಿಳಿಯಲು ಇದು ಅಭ್ಯಾಸ. ಉಜಿರೆಯ ಕ್ರಮದಲ್ಲಿ ಇದಕ್ಕಿಂತ ಮುಖ್ಯವೆಂದು ನನಗೆ ಕಾಣುವ ಭಾಗ ಇನ್ನೊಂದಿದೆ. ತರಬೇತಿ ಮುಗಿದ ಮೇಲೆ ಎರಡು ವರ್ಷಗಳ ತನಕ ಸಂಸ್ಥೆಯವರು ಶಿಬಿರಾರ್ಥಿಯ ಬೆನ್ನ ಹಿಂದೆ ಇರುತ್ತಾರೆ. ಅಂಗಡಿ ಇಟ್ಟೆಯಾ, ಸಾಲ ಸಿಕ್ಕಿತೇ, ಏನು ತೊಡಕು ಎಂದು ವಿಚಾರಿಸುತ್ತಾರೆ. ಬಹಳ ತರಬೇತಿಗಳು ಪ್ರಮಾಣಪತ್ರ ಕೊಟ್ಟ ದಿನವೇ ಮುಗಿಯುತ್ತವೆ.

ಬೆಳ್ತಂಗಡಿಯ ಮಾತು ಬಂದಾಗ 2019ರ ಆಗಸ್ಟ್ 9ರ ದಿನವನ್ನು ಬಿಡುವಂತಿಲ್ಲ. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಿಗೆ ಅಂದು ಬೆಟ್ಟವೇ ಇಳಿದು ಬಂದಂತಾಯಿತು. ನೇತ್ರಾವತಿ, ಮೃತ್ಯುಂಜಯ ಹೊಳೆಗಳು ಉಕ್ಕಿ, ಮರದ ದಿಮ್ಮಿಗಳು, ಮರಳು, ಕೆಸರು ತೋಟಗಳ ಮೇಲೆ ಬಂದು ಕೂತವು. ಅಡಿಕೆ ತೋಟ ಹೋದದ್ದು ತೋಟದವರಿಗೆ ಮಾತ್ರ ನಷ್ಟವಲ್ಲ, ಅಲ್ಲಿ ದಿನಗೂಲಿಗೆ ಹೋಗುತ್ತಿದ್ದವರ ಕೆಲಸವೂ ಹೋಯಿತು. ತೋಟದಿಂದ ಮರಳು ತೆಗೆಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಊರಿಂದ ಊರಿಂದ ಸ್ವಯಂಸೇವಕರು ಹಾರೆ ಬುಟ್ಟಿ ಹಿಡಿದು ಬಂದರು. ನಮ್ಮ ಹಿರಿಯರಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಬೆಳ್ತಂಗಡಿಯಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಈ ಪದ್ಧತಿಯನ್ನೇ ಹೊಸದಾಗಿ ರೂಢಿಗೆ ತಂದವು. ಸಣ್ಣ ರೈತರು ಗುಂಪು ಕಟ್ಟಿ ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುವ ಕ್ರಮ ಅದು. ಕಚೇರಿಗಳಲ್ಲಿ ಇಂಥ ಮುಯ್ಯಾಳು ಇಲ್ಲವೆಂದು ತಿಳಿಯಬೇಡಿ. ಒಬ್ಬರ ತಾಯಿ ಆಸ್ಪತ್ರೆಯಲ್ಲಿರುವಾಗ ಅವರ ಪಾಳಿಯನ್ನು ತೆಗೆದುಕೊಳ್ಳುವ ಸಹೋದ್ಯೋಗಿ ಇದ್ದಾರೆಯೇ, ಹಾಗೆ ತೆಗೆದುಕೊಳ್ಳಲು ಮೇಲಿನವರು ಬಿಡುತ್ತಾರೆಯೇ ಎಂಬುದರಿಂದ ಒಂದು ಕಚೇರಿಯ ಹಣೆಬರಹ ಗೊತ್ತಾಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಬೀಡಿಯ ದುಡ್ಡಿನಲ್ಲಿ ಓದಿದ ಮಕ್ಕಳು ಬೀಡಿ ಕಟ್ಟಲು ಕೂರುತ್ತಿಲ್ಲ, ಕೂರಬೇಕಾಗಿಯೂ ಇಲ್ಲ. ಬಿ.ಸಿ. ರೋಡಿನ ಬಟ್ಟೆ ಅಂಗಡಿಗೆ, ಮಂಗಳೂರಿನ ಆಸ್ಪತ್ರೆಗೆ, ಬೆಂಗಳೂರಿನ ಕಂಪನಿಗೆ ಹೋಗುತ್ತೀರಿ. ಅಲ್ಲಿ ಎ.ಸಿ. ಇರುತ್ತದೆ, ಗುರುತಿನ ಚೀಟಿ ಕೊರಳಲ್ಲಿ ನೇತಾಡುತ್ತದೆ. ಆದರೆ ನೇಮಕದ ಪತ್ರ ಇಲ್ಲದ, ಪಿ.ಎಫ್. ಕಟ್ಟದ, ಮೂರು ತಿಂಗಳಿಗೊಮ್ಮೆ ಏಜೆನ್ಸಿ ಬದಲಾಗುವ ಕೆಲಸವೂ ಇರಬಹುದು. ಅಂಥ ಕೆಲಸದಲ್ಲಿರುವ ಪದವೀಧರನಿಗಿಂತ ಬೀಡಿ ಪುಸ್ತಕ ಇದ್ದ ಅವನ ಅಜ್ಜಿಯ ಬುಡ ಗಟ್ಟಿಯಾಗಿತ್ತು ಎನ್ನಬೇಕಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನೇಮಕದ ಪತ್ರ ಕೇಳಿ ಪಡೆಯಿರಿ. ಸಂಬಳದ ಚೀಟಿಯನ್ನು ಜೋಪಾನ ಮಾಡಿ. ಪಿ.ಎಫ್. ಖಾತೆಯ ಸಂಖ್ಯೆ ತಿಳಿದುಕೊಂಡು ಹಣ ಜಮೆಯಾಗುತ್ತಿದೆಯೇ ಎಂದು ಫೋನಿನಲ್ಲೇ ನೋಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಅದರಲ್ಲಿ ಯಾರಿದ್ದಾರೆಂದು ಹುಡುಗಿಯರು ಮಾತ್ರವಲ್ಲ, ಹುಡುಗರೂ ತಿಳಿದ

ಿರಬೇಕು. ನಿದ್ದೆ ಬಾರದೆ, ಊಟ ಸೇರದೆ, ಬೆಳಗಾದರೆ ಕೆಲಸಕ್ಕೆ ಹೋಗಲು ಭಯವಾಗುವ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ಅದನ್ನು ಒಬ್ಬರೇ ಹೊತ್ತು ತಿರುಗಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಕಸುಬು ಬದಲಾಗುವಾಗ ಹೊಸದನ್ನು ಕಲಿಯುವುದಕ್ಕೂ ನಮ್ಮಲ್ಲೇ ಒಂದು ನಿದರ್ಶನವಿದೆ. ಮೊದಲು ಹೇಳಿದ ಅಡಿಕೆ ಕೊಯ್ಲಿನ ಕೆಲಸವೇ ಅದು. ಮರ ಏರುವವರು ಕಡಿಮೆಯಾಗುತ್ತ ಬಂದರು. ಬಿದ್ದು ಬೆನ್ನು ಮುರಿದುಕೊಂಡವರನ್ನು ಕಂಡ ಮಕ್ಕಳು ಆ ಕೆಲಸಕ್ಕೆ ಬರಲೊಲ್ಲರು. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಹಗುರವಾದ ಉದ್ದನೆಯ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಗೊನೆ ಇಳಿಸಬಹುದು, ಔಷಧ ಸಿಂಪಡಿಸಬಹುದು. ಅದಕ್ಕೂ ಕೈಚಳಕ ಬೇಕು, ಕುತ್ತಿಗೆ ನೋಯುತ್ತದೆ, ಕಲಿಯಲು ಶಿಬಿರಗಳು ನಡೆಯುತ್ತಿವೆ. ಮರ ಏರುತ್ತಿದ್ದವರಿಗೆ ಅಡಿಕೆಯ ಬಲಿತ ಗೊನೆ ಯಾವುದೆಂದು ಮೊದಲೇ ಗೊತ್ತು. ಆ ಹಳೆಯ ತಿಳಿವಳಿಕೆ ಹೊಸ ದೋಟಿಯ ತುದಿಯಲ್ಲಿ ಕೆಲಸಕ್ಕೆ ಬರುತ್ತಿದೆ.

ಬೀಡಿ ಬ್ರಾಂಚುಗಳಲ್ಲಿ ಈಗ ಮೊದಲಿನ ಗದ್ದಲವಿಲ್ಲ. 1966ರ ಕಾನೂನಿನ ವಿಷಯಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಗಿವೆ. ಕಟ್ಟುವವರಲ್ಲಿ ಬಹಳ ಮಂದಿ ಈಗ ವಯಸ್ಸಾದವರು. ಅವರಿಗೆ ಬರಬೇಕಾದ ಪಿ.ಎಫ್. ಹಣಕ್ಕೂ ಪಿಂಚಣಿಗೂ ಒಂದು ಸಣ್ಣ ತೊಡಕು ಪದೇ ಪದೇ ಅಡ್ಡ ಬರುತ್ತಿದೆ. ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಹೆಚ್ಚಿನ ಹಣವೇನಲ್ಲ, ಆದರೆ ಔಷಧಿಗೆ ಆಗುತ್ತದೆ. ಬೀಡಿ ಪುಸ್ತಕದಲ್ಲಿ ತವರಿನ ಹೆಸರು, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು. ಒಂದರಲ್ಲಿ ಹುಟ್ಟಿದ ವರ್ಷ ಒಂದು, ಇನ್ನೊಂದರಲ್ಲಿ ಬೇರೆ. ಅಷ್ಟಕ್ಕೇ ಅರ್ಜಿ ವಾಪಸು ಬರುತ್ತದೆ. ಅವರಲ್ಲಿ ಅನೇಕರಿಗೆ ಓದಲು ಬಾರದು, ನಿಮಗೆ ಬರುತ್ತದೆ. ಈ ವಾರ ಮನೆಯಲ್ಲೋ ನೆರೆಮನೆಯಲ್ಲೋ ಅಂಥವರಿದ್ದರೆ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆಸಿ, ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ವ್ಯತ್ಯಾಸ ಇದ್ದರೆ ತಿದ್ದುಪಡಿಯ ಅರ್ಜಿಗೆ ಕಾರ್ಮಿಕರ ಸಹಿಯ ಜೊತೆಗೆ ಕಂಪನಿಯ ಸಹಿಯೂ ಬೇಕಾಗುತ್ತದೆ. ಬ್ರಾಂಚು ತೆರೆದಿರುವಾಗಲೇ ಅದನ್ನು ಮಾಡಿಸಿ.